ಗುಡಿಬಂಡೆ ಕೋಟೆಯಲ್ಲಿ ಪನೋರಮಾ: ಗಿಂಬಲ್ ಹೊತ್ತು ಹತ್ತುವವರಿಗೆ

ನಂದಿ ಬೆಟ್ಟದ ವಾರಾಂತ್ಯದ ನೂಕುನುಗ್ಗಲಿನಲ್ಲಿ ಟ್ರೈಪಾಡ್ ಊರೋಕೂ ಜಾಗ ಸಿಗಲ್ಲ. ಪನೋರಮಾ, ಅಂದರೆ ಹಲವು ಫೋಟೋಗಳನ್ನು ಸಾಫ್ಟ್‌ವೇರ್‌ನಲ್ಲಿ ಹೊಲಿದು (ಒಂದಕ್ಕೊಂದು ಜೋಡಿಸಿ) ಮಾಡುವ ಅಗಲವಾದ ಚಿತ್ರ ತೆಗೆಯುವ ಆಸೆ ಇದ್ದರೆ ಅದೇ ಹೈವೇಯಲ್ಲಿ ಇನ್ನಷ್ಟು ಮುಂದೆ ಹೋಗಿ. ಚಿಕ್ಕಬಳ್ಳಾಪುರ ದಾಟಿ ಪೆರೇಸಂದ್ರದಲ್ಲಿ ಎಡಕ್ಕೆ ತಿರುಗಿದರೆ ಗುಡಿಬಂಡೆ. ಬೆಂಗಳೂರಿನಿಂದ ಹೆಚ್ಚುಕಮ್ಮಿ 100 ಕಿ.ಮೀ.

ಊರಿಗೆ ಅಂಟಿಕೊಂಡೇ ಬೆಟ್ಟ, ಅದರ ಮೇಲೆ ಪಾಳೇಗಾರ ಬೈರೇಗೌಡ 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ. ಕೆಳಗಿನ ಅಮಾನಿ ಬೈರಸಾಗರ ಕೆರೆಗೂ ಅವನದೇ ಹೆಸರು. ಮೇಲಿಂದ ನೋಡಿದರೆ ಈ ಕೆರೆ ಭಾರತದ ಭೂಪಟದಂತೆ ಕಾಣುತ್ತದೆ ಅಂತ ಪ್ರಸಿದ್ಧಿ. ನೀರು ತುಂಬಿದ್ದಾಗ ಮಾತ್ರ ಅನ್ನೋದು ನೆನಪಿರಲಿ. ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಿಂದ ಜನವರಿ ಒಳಗೆ ಹೋಗುವುದು ಒಳ್ಳೆಯದು. ಬೇಸಿಗೆಯಲ್ಲಿ ಧೂಳಿನಿಂದ ದೂರದ ಬೆಟ್ಟಗಳೆಲ್ಲ ಮಸುಕು.

ಮೆಟ್ಟಿಲುಗಳಿವೆ, ಆದರೆ ಕೆಲವು ಕಡೆ ಕಡಿದಾಗಿವೆ. ಕ್ಯಾಮೆರಾ, ಲೆನ್ಸ್, ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿದು ಮೋಟಾರಿನಿಂದ ತಿರುಗಿಸುವ ಸಾಧನ), ಟ್ರೈಪಾಡ್ ಸೇರಿ ಮೂರು ಕಿಲೋ ದಾಟುತ್ತದೆ. ಜೊತೆಗೆ ಕುಡಿಯೋ ನೀರನ್ನೂ ಕೆಳಗಿಂದಲೇ ಒಯ್ಯಬೇಕು. ಹಾಗಾಗಿ ಮೊದಲು ಒಂದು ಪ್ರಶ್ನೆ: ಗಿಂಬಲ್ ಬೇಕೇ ಬೇಕಾ? ಒಂದೇ ಸಾಲಿನ ಪನೋರಮಾಗೆ ಬೇಡ, ಟ್ರೈಪಾಡ್ ಸಾಕು. ಉದ್ದನೆ ಲೆನ್ಸ್ ಹಾಕಿ ಎರಡು ಮೂರು ಸಾಲು ತೆಗೆಯುವವರು ಒಯ್ಯಿರಿ. ಆಗ ಗಿಂಬಲ್‌ನ ಆ್ಯಪ್‌ನಲ್ಲಿ ಲೆನ್ಸಿನ ಫೋಕಲ್ ಲೆಂತ್ (50 ಎಂ.ಎಂ. ಥರದ ಅಳತೆ), ಎಲ್ಲಿಂದ ಶುರು, ಎಲ್ಲಿಗೆ ಕೊನೆ ಅಂತ ಹೇಳಿಬಿಟ್ಟರೆ ಅದೇ ಅಳತೆಯಲ್ಲಿ ತಿರುಗಿ ತಿರುಗಿ ಕ್ಲಿಕ್ ಮಾಡುತ್ತದೆ.

ಕೋಟೆಯಲ್ಲಿ ಎಲ್ಲಿ ನಿಲ್ಲುತ್ತೀರಿ ಅನ್ನೋದೇ ಮುಖ್ಯ. ಗಿಂಬಲ್ ತಿರುಗುವುದು ತನ್ನ ಮೋಟಾರಿನ ಸುತ್ತ, ಲೆನ್ಸಿನ ಒಳಗೆ ಬೆಳಕು ಹಾದುಹೋಗುವ ಬಿಂದುವಿನ ಸುತ್ತ ಅಲ್ಲ. ಬ್ಯಾಲೆನ್ಸ್ ಮಾಡಿದ ಗಿಂಬಲ್‌ನಲ್ಲಿ ಇವೆರಡೂ ಒಂದೇ ಕಡೆ ಬರೋದೂ ಇಲ್ಲ. ಒಂದು ಕಣ್ಣು ಮುಚ್ಚಿ, ಮುಖದ ಮುಂದೆ ಬೆರಳು ಹಿಡಿದು ತಲೆ ತಿರುಗಿಸಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಆಚೀಚೆ ಜಾರುತ್ತದಲ್ವಾ? ಕೋಟೆ ಗೋಡೆ ಮೂರಡಿ ಹತ್ತಿರ, ಕೆರೆ ಅಷ್ಟು ದೂರ ಇದ್ದರೆ ಫೋಟೋದಲ್ಲೂ ಅದೇ ಗತಿ. ಹೊಲಿದ ಮೇಲೆ ಗೋಡೆಯ ಕಲ್ಲು ಎರಡಾಗಿ ಕಾಣುತ್ತದೆ. ಮುಂದೆ ಏನೂ ಅಡ್ಡ ಇಲ್ಲದ ಬಂಡೆ ಹುಡುಕಿ, ಆದರೆ ತೀರಾ ಅಂಚಿಗೆ ಹೋಗಬೇಡಿ. ಗೋಡೆಯೂ ಫ್ರೇಮಿನಲ್ಲಿ ಬೇಕೇ ಬೇಕು ಅನ್ನುವವರಿಗೆ ಗಿಂಬಲ್ ಸರಿಯಲ್ಲ, ಕ್ಯಾಮೆರಾವನ್ನು ಆ ಬಿಂದುವಿನ ಸುತ್ತಲೇ ತಿರುಗಿಸುವ ಪನೋರಮಾ ಹೆಡ್ ಬೇಕು. ಕೋಟೆಯ ದೊಣೆಗಳೂ (ಬಂಡೆಯಲ್ಲಿ ನೀರು ನಿಲ್ಲುವ ಹೊಂಡಗಳು) ಚೆಂದ, ಅವನ್ನು ಸುಮ್ನೆ ಬೇರೆ ಫೋಟೋ ತೆಗೆದುಕೊಳ್ಳಿ.

ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನುಯಲ್. ಅಪರ್ಚರ್ ಎಫ್ 8 ಆಸುಪಾಸು, ಫೋಟೋ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ರೂಪ). ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದ್ದರೆ ತೆಗೆದಿಡಿ, ಅದಿದ್ದರೆ ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಬಿಳಿ. ಫುಲ್ ಫ್ರೇಮ್ (ಹಳೇ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾಗೆ 50 ಎಂ.ಎಂ. ಲೆನ್ಸ್ ಹಾಕಿ ಲಂಬವಾಗಿ ಹಿಡಿದರೆ ಅಡ್ಡಕ್ಕೆ ಸಿಗೋದು ಸುಮಾರು 27 ಡಿಗ್ರಿ. ಶೇ. 30ರಷ್ಟು ಒಂದರ ಮೇಲೊಂದು ಬರಬೇಕು ಅಂದರೆ 180 ಡಿಗ್ರಿಗೆ 10 ಫೋಟೋ, 35 ಎಂ.ಎಂ.ಗೆ 7.

ಮೇಲೆ ಗಾಳಿ ಇದ್ದರೆ ಗಿಂಬಲ್ ತಿರುಗಿ ನಿಂತ ಮೇಲೂ ನಡುಗುತ್ತಿರುತ್ತದೆ. ಕ್ಲಿಕ್‌ಗೆ ಮುಂಚೆ ಎರಡು ಸೆಕೆಂಡ್ ಬಿಡುವು ಇಡಿ, ಬ್ಯಾಗನ್ನು ಟ್ರೈಪಾಡ್‌ಗೆ ತೂಗುಹಾಕಿ. ಅದಕ್ಕಿಂತ ಜಾಸ್ತಿ ನಿಧಾನ ಮಾಡಿದರೆ ಮೋಡಗಳು ಜಾಗ ಬದಲಿಸಿ ಹೊಲಿಗೆ ಕೆಡುತ್ತದೆ. ಪ್ರತಿ ಸೆಟ್ ಶುರುವಿಗೂ ಕೊನೆಗೂ ಅಂಗೈ ಅಡ್ಡ ಹಿಡಿದು ಒಂದು ಫೋಟೋ ತೆಗೆಯಿರಿ. ಮನೆಗೆ ಬಂದು ನೂರಾರು ಫೋಟೋ ಸುರಿದಾಗ ಯಾವುದು ಎಲ್ಲಿಗೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹೊಲಿಯಲು ಹಗಿನ್ ಎಂಬ ಸಾಫ್ಟ್‌ವೇರ್ ಉಚಿತ, ಲೈಟ್‌ರೂಮ್ ಇದ್ದವರಿಗೆ ಅದೇ ಸಾಕು. ಇಡೀ ನೋಟಕ್ಕೆ ಸಿಲಿಂಡ್ರಿಕಲ್ (ನೋಟವನ್ನು ಕೊಳವೆಯ ಮೇಲೆ ಹಾಸಿದಂತೆ ಹೊಲಿಯುವ ಆಯ್ಕೆ) ಆರಿಸಿದರೆ ಕೆರೆ ಏರಿ, ರಸ್ತೆಗಳಂಥ ನೇರ ಗೆರೆಗಳು ಬಾಗುತ್ತವೆ, ಭೂಪಟದ ಆಕಾರವೂ ಹಿಗ್ಗುತ್ತದೆ. ಕೆರೆಯ ಭಾಗದ ನಾಲ್ಕೈದು ಫೋಟೋಗಳನ್ನಷ್ಟೇ ತೆಗೆದು ನೇರ ಗೆರೆಗಳನ್ನು ನೇರವಾಗೇ ಇಡುವ ಪರ್‌ಸ್ಪೆಕ್ಟಿವ್‌ ಆಯ್ಕೆಯಲ್ಲಿ ಬೇರೆಯಾಗಿ ಹೊಲಿಯಿರಿ.