ರಟ್ಟಿನ ಫೋಟೋ ಫ್ರೇಮು ಮಳೆಗಾಲಕ್ಕೆ ಬಾಗುವುದಿಲ್ಲವೇ?

ರಟ್ಟಿನಲ್ಲಿ ಫೋಟೋ ಫ್ರೇಮ್ ಮಾಡಬಹುದು ಎಂದೊಡನೆ ಕೇಳುವವರೆಲ್ಲ ಕೇಳುವುದು ಒಂದೇ ಮಾತು: "ಅಲ್ಲಾ ರೀ, ಒಂದು ಮಳೆಗಾಲ ಕಳೆಯೋಷ್ಟರಲ್ಲಿ ಹಪ್ಪಳದ ಥರ ಬಾಗಲ್ವಾ ಅದು?"

ಬಾಗುತ್ತದೆ. ಚಪ್ಪಟೆ ರಟ್ಟಿನ ನಡುವೆ ಕಿಟಕಿ ಕೊರೆದು, ಮುಂದಿನ ಮೈಗೆ ಮಾತ್ರ ಬಣ್ಣದ ಕಾಗದ ಅಂಟಿಸಿದರೆ ಖಂಡಿತ ಬಾಗುತ್ತದೆ. ಶಾಲೆಯ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಹೇಳಿಕೊಡುವುದು ಅದನ್ನೇ, ಹಾಗಾಗಿ ಕೆಟ್ಟ ಹೆಸರು ರಟ್ಟಿಗೆ ಬಂದಿದೆ. ಅದೇ ರಟ್ಟನ್ನು ನಾಲ್ಕೂ ಬದಿಗೆ ಮಡಚಿ ಚೌಕ ಕೊಳವೆ ಮಾಡಿದರೆ ಕಥೆಯೇ ಬೇರೆ. ಪೋಸ್ಟ್‌ಕಾರ್ಡನ್ನು ಹಾಗೇ ಹಿಡಿದರೆ ತೂಗುಬೀಳುತ್ತದೆ, ಅಂಚು ಮಡಚಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಈ ಫ್ರೇಮಿನ ಗುಟ್ಟು ಅಷ್ಟೇ.

ಬಾಗುವುದೇಕೆ ಎಂಬುದನ್ನು ಮೊದಲು ನೋಡೋಣ. ಪ್ಯಾಕಿಂಗ್ ರಟ್ಟು ಎಂದರೆ ಎರಡು ಗಟ್ಟಿ ಕಂದು ಕಾಗದ, ನಡುವೆ ಅಲೆ ಅಲೆಯಾದ ಇನ್ನೊಂದು ಕಾಗದ. ಬಾಕ್ಸಿನವರ ಭಾಷೆಯಲ್ಲಿ ಇದು 3 ಪ್ಲೈ. ಅಮೆರಿಕದಲ್ಲಿ 1871ರಲ್ಲಿ ಆಲ್ಬರ್ಟ್ ಜೋನ್ಸ್ ಬಾಟಲಿ, ಲಾಟೀನಿನ ಗಾಜು ಸುತ್ತಲು ಅಲೆಕಾಗದಕ್ಕೆ ಪೇಟೆಂಟ್ ಪಡೆದ. 1874ರಲ್ಲಿ ಆಲಿವರ್ ಲಾಂಗ್ ಅದಕ್ಕೆ ಹೊದಿಕೆಯ ಕಾಗದ ಕೂಡಿಸಿದ. ಅಂದಿನಿಂದ ರಚನೆ ಹೆಚ್ಚೇನೂ ಬದಲಾಗಿಲ್ಲ. ಕಾಗದದ ನಾರು ತೇವ ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಎರಡೂ ಮೈ ಸಮನಾಗಿ ಕುಡಿದರೆ ರಟ್ಟು ಕೊಂಚ ಹಿಗ್ಗುತ್ತದೆ, ಬಾಗುವುದಿಲ್ಲ. ಒಂದು ಮೈಗೆ ಪೇಂಟೋ ಪ್ಲಾಸ್ಟಿಕ್ಕೋ ಬಳಿದು ಇನ್ನೊಂದನ್ನು ಬೆತ್ತಲೆ ಬಿಟ್ಟರೆ ಬೆತ್ತಲೆ ಮೈ ಮಾತ್ರ ಹಿಗ್ಗಿ ಇಡೀ ಹಾಳೆ ಬಿಲ್ಲಾಗುತ್ತದೆ. ಮಂಗಳೂರು, ಉಡುಪಿ, ಆಗುಂಬೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ರಟ್ಟಿನ ತಾಳುವ ಶಕ್ತಿಯೂ ಇಳಿಯುತ್ತದೆ. ಗಾಳಿಯ ತೇವಾಂಶ ಶೇ. 90 ಮುಟ್ಟಿದರೆ ಸುಮಾರು ಅರ್ಧಕ್ಕೆ. ಹಾಗಾಗಿ ಎರಡು ನಿಯಮ: ಒಂದು ಮೈಗೆ ಏನು ಮಾಡಿದರೂ ಇನ್ನೊಂದಕ್ಕೂ ಅದನ್ನೇ ಮಾಡಬೇಕು, ಅಂಟಿನ ಬಲಕ್ಕಿಂತ ಮಡಿಕೆಯ ಬಲವನ್ನು ನಂಬಬೇಕು.

ಇನ್ನು ರಟ್ಟು. ಒಳಗಿನ ಅಲೆಗೆ ಫ್ಲೂಟ್ ಎನ್ನುತ್ತಾರೆ, ಅದರ ಗಾತ್ರಕ್ಕೆ ಒಂದೊಂದು ಅಕ್ಷರದ ಹೆಸರು. ಸಣ್ಣ ಫ್ರೇಮಿಗೆ ಇ ಫ್ಲೂಟ್ ಬೇಕು, ದಪ್ಪ ಸುಮಾರು 1.5 ಮಿ.ಮೀ. ಮಿಕ್ಸಿ, ಚಪ್ಪಲಿ ಬರುವ ನುಣುಪಾದ ಪೆಟ್ಟಿಗೆಗಳು ಹೆಚ್ಚಾಗಿ ಇದೇ. ಕೊರಿಯರ್ ಬಾಕ್ಸಿನ 3 ಮಿ.ಮೀ. ರಟ್ಟು ಬಿ ಫ್ಲೂಟ್. ಎ4 ಅಳತೆಗೆ ಸರಿ, ಚಿಕ್ಕದಕ್ಕೆ ಒರಟು. ಪಿಜ್ಜಾ ಬಾಕ್ಸ್ ಬೇಡ, ಎಣ್ಣೆ ಕುಡಿದ ಕಾಗದ ಫೋಟೋಗೂ ಕೆಟ್ಟದ್ದು, ಜಿರಲೆಗೆ ಆಹ್ವಾನ. ಒಮ್ಮೆ ನೆನೆದು ಒಣಗಿದ ರಟ್ಟೂ ಬೇಡ. ಅಲೆ ಚಪ್ಪಟೆಯಾದ ಮೇಲೆ ಮತ್ತೆ ಏಳುವುದಿಲ್ಲ. ಹೊಸದಾದರೂ ಹಳೆಯದಾದರೂ ಬೀರುವಿನ ಅಡಿಯಲ್ಲೋ ಪುಸ್ತಕದ ರಾಶಿಯ ಕೆಳಗೋ ಎರಡು ದಿನ ಚಪ್ಪಟೆ ಇಟ್ಟು ಆಮೇಲೆ ಕತ್ತರಿಸಿ.

ಅಳತೆಗೆ 4×6 ಇಂಚಿನ ಫೋಟೋ, ಅಂದರೆ 102×152 ಮಿ.ಮೀ. ತೆಗೆದುಕೊಳ್ಳೋಣ. ಫೋಟೋ ಬೀಳದಂತೆ ಸುತ್ತ 5 ಮಿ.ಮೀ. ಮುಚ್ಚಬೇಕು, ಆದ್ದರಿಂದ ಕಿಟಕಿ 92×142. ಕಿಟಕಿಯ ಸುತ್ತ 30 ಮಿ.ಮೀ. ಅಂಚು ಬಿಟ್ಟರೆ ಮುಖ 152×202. ಮುಖದ ನಾಲ್ಕೂ ಬದಿಗೆ ಹೊರಕ್ಕೆ ಮೂರು ಪಟ್ಟಿ ಎಳೆಯಬೇಕು: ಮೊದಲು ಹೊರಗೋಡೆ 18, ಆಮೇಲೆ ಬೆನ್ನು 22, ಕೊನೆಗೆ ಒಳಗೋಡೆ 16. ಒಟ್ಟು 56. ಎರಡೂ ಕಡೆ ಸೇರಿ ಹಾಳೆ 264×314 ಮಿ.ಮೀ. ಆಗುತ್ತದೆ. 22×28 ಇಂಚಿನ ಹಾಳೆಯಲ್ಲಿ ಇಂಥವು ನಾಲ್ಕು ಬರುತ್ತವೆ.

ಒಳಗೋಡೆ 18ರ ಬದಲು 16 ಏಕೆಂದರೆ ಅದು ಹೊರಗೋಡೆಯ ಒಳಗೆ ಕೂರಬೇಕು. ಹೊರಗೋಡೆಯಿಂದ ರಟ್ಟಿನ ದಪ್ಪ ಕಳೆದು, ಇನ್ನರ್ಧ ಮಿ.ಮೀ. ಕಳೆಯಿರಿ. ಇದನ್ನು ಮರೆತವರ ಫ್ರೇಮಿನ ಬೆನ್ನು ಹೊಟ್ಟೆಯುಬ್ಬರ ಬಂದ ಹಾಗೆ ನಿಲ್ಲುತ್ತದೆ.

ಮೂಲೆಗಳಲ್ಲಿ ಉಳಿಯುವ 56×56 ಚೌಕಗಳನ್ನು ಕತ್ತರಿಸಿ ತೆಗೆಯಿರಿ. ಬೆನ್ನಿನ ಪಟ್ಟಿಗಳ ಎರಡೂ ತುದಿಯನ್ನು 45 ಡಿಗ್ರಿಗೆ ಓರೆ ಮಾಡಿ. ಮಡಚಿದಾಗ ಮರದ ಫ್ರೇಮಿನ ಮೂಲೆಯಂತೆ ಕೂಡುತ್ತವೆ. ಓರೆ ಮಾಡಿದ ಮೇಲೆ ಉದ್ದ ಬದಿಯ ಒಳಗೋಡೆ 158 ಉಳಿಯುತ್ತದೆ, ಹಾಗೇ ಇರಲಿ. ಗಿಡ್ಡ ಬದಿಯದು 108 ಉಳಿಯುತ್ತದೆ, ಅದರ ಎರಡೂ ತುದಿಯಿಂದ ಒಂದೂವರೆ ಮಿ.ಮೀ. ತೆಗೆದು 105 ಮಾಡಿ. ಗಿಡ್ಡ ಬದಿಯ ಹೊರಗೋಡೆಯ ತುದಿಗಳಿಂದಲೂ ಅಷ್ಟೇ ತೆಗೆಯಿರಿ, ಇಲ್ಲದಿದ್ದರೆ ಮೂಲೆಯಲ್ಲಿ ಎರಡು ಗೋಡೆ ಗುದ್ದಾಡುತ್ತವೆ. ಗಿಡ್ಡ ಒಳಗೋಡೆಯ ತೆರೆದ ಅಂಚಿನ ನಡುವೆ 40 ಮಿ.ಮೀ. ಅಗಲ, 2.5 ಮಿ.ಮೀ. ಆಳದ ಕಚ್ಚು ಹಾಕಿ.

ಹಿಂಬದಿಯ ರಟ್ಟು ಬೇರೆ ತುಂಡು: 105×155, ಅದರ ಎರಡು ಗಿಡ್ಡ ಅಂಚಿನ ನಡುವೆ 38 ಅಗಲದ, 6 ಮಿ.ಮೀ. ಚಾಚಿದ ಒಂದೊಂದು ನಾಲಿಗೆ. ಈ ತುಂಡಿನಲ್ಲಿ ಅಲೆಗಳು 105ರ ಕಡೆಗೆ ಓಡಬೇಕು, ಏಕೆಂದರೆ ಕೂರಿಸುವಾಗ ಇದನ್ನು ಉದ್ದಕ್ಕೆ ಬಿಲ್ಲಿನಂತೆ ಬಾಗಿಸಬೇಕು. ದೊಡ್ಡ ಹಾಳೆಯಲ್ಲಿ ಮಾತ್ರ ಅಲೆಗಳು 314ರ ಕಡೆಗೆ ಇರಲಿ.

ಮುಂದಕ್ಕೆ ಪಾರದರ್ಶಕ ಹೊದಿಕೆ ಬೇಕೆಂದರೆ ಸಾದಾ ಓಎಚ್‌ಪಿ ಶೀಟು, ಅಂದರೆ ಹಳೆಯ ಪ್ರೊಜೆಕ್ಟರಿಗೆ ಬಳಸುತ್ತಿದ್ದ ತೆಳು ಪ್ಲಾಸ್ಟಿಕ್ ಹಾಳೆ ಸಾಕು. 104×154ಕ್ಕೆ ಕತ್ತರಿಸಿದರೆ ಒಂದು ಎ4 ಶೀಟಿನಲ್ಲಿ ಮೂರು. ಗಾಜು ಹಾಕುವ ಆಸೆ ಬೇಡ: 2 ಮಿ.ಮೀ. ಗಾಜು ಎ4 ಅಳತೆಗೇ 300 ಗ್ರಾಂ ದಾಟುತ್ತದೆ, ನಮ್ಮ ಇಡೀ ಚಿಕ್ಕ ಫ್ರೇಮಿನ ತೂಕ ನೂರು ಗ್ರಾಮೂ ಇಲ್ಲ. ಮೆತ್ತನೆಯ ಪಿವಿಸಿ ಶೀಟೂ ಬೇಡ, ಕಾಲ ಕಳೆದಂತೆ ಫೋಟೋಗೆ ಅಂಟಿಕೊಳ್ಳುತ್ತದೆ.

ಕತ್ತರಿಸುವಾಗ ಕಟರಿಗೆ ಹೊಸ ಬ್ಲೇಡ್ ತುದಿ ಇರಲಿ. ಒಂದೇ ಏಟಿಗೆ ಮುಗಿಸಲು ಹೋಗಬಾರದು. ಮೊದಲ ಸಲ ಮೇಲಿನ ಕಾಗದ, ಎರಡನೇ ಸಲ ಅಲೆ, ಮೂರನೇ ಸಲ ಕೆಳಗಿನ ಕಾಗದ. ಮೊಂಡು ಬ್ಲೇಡು ಅಲೆಯನ್ನು ಕತ್ತರಿಸುವ ಬದಲು ಎಳೆದುಕೊಂಡು ಹೋಗುತ್ತದೆ, ಕಿಟಕಿಯ ಅಂಚು ಇಲಿ ಕಡಿದಂತೆ ಕಾಣುತ್ತದೆ. ಕಿಟಕಿಯ ಮೂಲೆಯಲ್ಲಿ ಗೆರೆ ದಾಟಿ ಕೊಯ್ದರೆ ಅದು ಎಂದೆಂದಿಗೂ ಕಾಣುವ ಗಾಯ. ಮೂಲೆಯಿಂದ ಶುರುಮಾಡಿ ನಡುವಿಗೆ ಎಳೆದರೆ ಈ ತಾಪತ್ರಯ ಇಲ್ಲ. ಕಿಟಕಿಯನ್ನು ಮುಖದ ಕಡೆಯಿಂದಲೇ ಕೊರೆಯಿರಿ.

ಫ್ರೇಮು ಹೆಚ್ಚಾಗಿ ಕೆಡುವುದು ಮಡಿಕೆಯಲ್ಲಿ. ಮಡಿಕೆಯ ಗೆರೆಯನ್ನು ಕೊಯ್ಯಬಾರದು, ಒತ್ತಬೇಕು, ಅದೂ ಹಿಂಬದಿಯಿಂದ. ಇಂಕು ಮುಗಿದ ಬಾಲ್‌ಪೆನ್ನೂ ಸ್ಟೀಲ್ ಸ್ಕೇಲೂ ಇದ್ದರೆ ಆಯಿತು. ಅಲೆಗಳಿಗೆ ಅಡ್ಡಲಾದ ಗೆರೆಗಳು ಒಂದೇ ಒತ್ತಿಗೆ ಚೆನ್ನಾಗಿ ಮಡಚಿಕೊಳ್ಳುತ್ತವೆ. ಅಲೆಗಳಿಗೆ ಸಮಾನಾಂತರವಾದ ಗೆರೆಗಳದ್ದೇ ಪೀಕಲಾಟ. ಇ ಫ್ಲೂಟಿನಲ್ಲಿ ಒಂದು ಅಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಮೂರು ಮಿ.ಮೀ. ಚಿಲ್ಲರೆ. ನಿಮ್ಮ ಗೆರೆ ನೆತ್ತಿಯ ಮೇಲೆ ಬಿದ್ದರೆ ರಟ್ಟು ಅಲ್ಲಿ ಮಡಚದೆ ಪಕ್ಕದ ತಗ್ಗಿಗೆ ಜಾರಿ ಮಡಚುತ್ತದೆ. ಒಂದೂವರೆ ಮಿ.ಮೀ. ಅಷ್ಟೇ ತಪ್ಪಿದ್ದು, ಆದರೆ ಮೂರು ಮಡಿಕೆಗೆ ಅದು ಕೂಡುತ್ತಾ ಹೋಗಿ ಕೊನೆಯಲ್ಲಿ ಒಳಗೋಡೆ ಸೊಟ್ಟಗೆ ನಿಲ್ಲುತ್ತದೆ. ಪರಿಹಾರ ಸರಳ: ಮೊದಲು ಚಮಚದ ಹಿಡಿಯ ಅಂಚಿನಿಂದ ಗೆರೆಯುದ್ದಕ್ಕೂ ಎರಡು ಮೂರು ಮಿ.ಮೀ. ಅಗಲದ ಪಟ್ಟಿಯನ್ನು ಜಜ್ಜಿ. ಅಲೆ ಅಲ್ಲಿ ಸತ್ತ ಮೇಲೆ ಅದರ ನಡುವೆ ಪೆನ್ನಿನಿಂದ ಗೀರಿ. ಈಗ ಜಾರಲು ಅದಕ್ಕೆ ತಗ್ಗಿಲ್ಲ. ಮಡಚುವಾಗಲೂ ಕೈಯಿಂದ ನೇರ ಮಡಚದೆ ಗೆರೆಯ ಮೇಲೆ ಸ್ಕೇಲಿಟ್ಟು ರಟ್ಟನ್ನು ಅದಕ್ಕೆ ಒರಗಿಸಿ ಎತ್ತಿ. ಮೊದಲೊಮ್ಮೆ ಎಲ್ಲ ಮಡಿಕೆಗಳನ್ನೂ 90 ಡಿಗ್ರಿಗಿಂತ ತುಸು ಹೆಚ್ಚೇ ಮಡಚಿ ಬಿಟ್ಟುಬಿಡಿ, ರಟ್ಟು ಹಟ ಬಿಡುತ್ತದೆ.

ಜೋಡಿಸುವಾಗ ಉದ್ದದ ಬದಿಗಳು ಮೊದಲು, ಗಿಡ್ಡವು ಆಮೇಲೆ. ಉದ್ದ ಬದಿಗಳನ್ನು ಸುತ್ತಿ ಕೊಳವೆ ಮಾಡಿದಾಗ ಅವು ಬಿಚ್ಚಿಕೊಳ್ಳಲು ನೋಡುತ್ತವೆ, ಹೆದರಬೇಡಿ. ಗಿಡ್ಡ ಬದಿಗಳನ್ನು ಮಡಚಿದೊಡನೆ ಅವುಗಳ 105 ಮಿ.ಮೀ. ಒಳಗೋಡೆ ಎರಡು ಉದ್ದ ಗೋಡೆಗಳ ನಡುವೆ ಊರುಗೋಲಿನಂತೆ ಕೂತು ಅವನ್ನು ಹೊರಕ್ಕೆ ತಳ್ಳಿ ಹಿಡಿಯುತ್ತದೆ. ಉಳಿದದ್ದು ಗಿಡ್ಡ ಗೋಡೆಗಳನ್ನು ಹಿಡಿಯುವುದು. ಒಳಗೆ 106×156 ಜಾಗ ಆಗಿರುತ್ತದೆ, ಕಿಟಕಿಯ ಸುತ್ತ 7 ಮಿ.ಮೀ. ಮೆಟ್ಟಿಲು. ಶೀಟು, ಫೋಟೋ ಇಟ್ಟು, ಹಿಂಬದಿ ರಟ್ಟನ್ನು ಬಾಗಿಸಿ, ಎರಡು ನಾಲಿಗೆಗಳನ್ನು ಗಿಡ್ಡ ಗೋಡೆಯ ಕಚ್ಚಿನೊಳಗೆ ತೂರಿಸಿ ಕೈ ಬಿಡಿ. ಟಕ್ಕನೆ ನೇರವಾಗುತ್ತದೆ. ಗೋಡೆ ಮೇಲೇಳಲು ಒಳಕ್ಕೆ ಸರಿಯಬೇಕು, ಸರಿಯಲು ರಟ್ಟು ಬಿಡುವುದಿಲ್ಲ. ರಟ್ಟು ಮೇಲೇಳಲು ಗೋಡೆ ಬಿಡುವುದಿಲ್ಲ. ಅಂಟಿಲ್ಲ, ಮೊಳೆಯಿಲ್ಲ. ಫೋಟೋ ಬದಲಿಸಬೇಕೆಂದರೆ ರಟ್ಟಿನ ನಡುವೆ ಬೆರಳಿಂದ ಎಬ್ಬಿಸಿದರಾಯಿತು. ಅದಕ್ಕೆಂದೇ ಅಲ್ಲೊಂದು ಬೆರಳ ತೂತು ಮಾಡಿಟ್ಟುಕೊಳ್ಳುವುದು ಜಾಣತನ.

ಮೇಜಿನ ಮೇಲೆ ನಿಲ್ಲಿಸುವ ಕಾಲಿಗೆ ಕಿಟಕಿಯಿಂದ ಬಂದ ತುಂಡೇ ಸಾಕು. 60 ಮಿ.ಮೀ. ಅಗಲಕ್ಕೆ ಕತ್ತರಿಸಿ, ಮೇಲಿನ 25 ಮಡಚಿ, ಆ 25ನ್ನು ಮಾತ್ರ ಹಿಂಬದಿ ರಟ್ಟಿಗೆ ಫೆವಿಕಾಲಿನಿಂದ ಅಂಟಿಸಿ. ಮಡಿಕೆ ಫ್ರೇಮಿನ ತಳದಿಂದ 110 ಮಿ.ಮೀ. ಎತ್ತರದಲ್ಲಿರಲಿ. ಕಾಲು ಹಿಂದೆ ಜಾರದಂತೆ ಕೆಳತುದಿಯಿಂದ ಫ್ರೇಮಿಗೊಂದು ನೂಲು. ಗೋಡೆಗೆ ನೇತುಹಾಕುವುದಾದರೆ ಒಂದೇ ತೂತು ಮಾಡಿ ಮೊಳೆಗೆ ಸಿಕ್ಕಿಸಬೇಡಿ, ತೂತು ದಿನೇ ದಿನೇ ಮೇಲಕ್ಕೆ ಹರಿಯುತ್ತದೆ. ಬೆನ್ನಿನ ಎರಡು ಉದ್ದ ಕೊಳವೆಗಳಿಗೆ ಅಡ್ಡಲಾಗಿ ದಾರ ಕಟ್ಟಿ, ಗಂಟನ್ನು ಕೊಳವೆಯೊಳಗೆ ಒಂದು ಬೆಂಕಿಕಡ್ಡಿಗೆ ಹಾಕಿ.

ಬಣ್ಣ, ಕಾಗದ ಏನೇ ಅಂಟಿಸುವುದಿದ್ದರೂ ಕತ್ತರಿಸುವ ಮೊದಲೇ, ಎರಡೂ ಮೈಗೆ, ಆಮೇಲೆ ಒಂದಿಡೀ ದಿನ ಭಾರದ ಕೆಳಗೆ. ಫೆವಿಕಾಲಿಗೆ ನೀರು ಬೆರೆಸಿ ಬಳಿದರೆ ಮೇಲಿನ ಕಾಗದ ಅಲೆಗಳ ನಡುವೆ ಕುಸಿದು ಇಡೀ ಮುಖ ಗೆರೆ ಗೆರೆಯಾಗುತ್ತದೆ. ದಪ್ಪ ಅಂಟನ್ನೇ ತೆಳ್ಳಗೆ ಸವರಿ. ಮೈದಾ ಅಂಟು ಅಗ್ಗ, ಆದರೆ ಜಿರಲೆಗೂ ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳುವಿಗೂ ಅದು ಊಟ. ಬರಿಯ ಕಂದು ರಟ್ಟೇ ಚೆಂದ ಎನ್ನುವವರು ಹಾರ್ಡ್‌ವೇರ್ ಅಂಗಡಿಯ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಲೀಟರಿಗೆ 100 ಗ್ರಾಂ ಲೆಕ್ಕದಲ್ಲಿ, ಎರಡೂ ಮೈಗೆ ಎರಡೆರಡು ಕೈ ಬಳಿಯಿರಿ. ಬಡಗಿಗಳ ಫ್ರೆಂಚ್ ಪಾಲಿಶ್ ಇದೇ. ಸ್ಪಿರಿಟ್ಟು ನೀರಿನಂತೆ ನಾರನ್ನು ಉಬ್ಬಿಸುವುದಿಲ್ಲ. ಒಲೆಯ ಹತ್ತಿರ ಈ ಕೆಲಸ ಬೇಡ. ಹೊಳೆಯುವ ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾಡಿಸಿದರೆ ಮಳೆಗೆ ಹೆದರಬೇಕಿಲ್ಲ ನಿಜ, ಆದರೆ ಆ ರಟ್ಟನ್ನು ಗುಜರಿಯವನೂ ಮುಟ್ಟುವುದಿಲ್ಲ. ಪರಿಸರಕ್ಕೆ ಒಳ್ಳೆಯದು ಎಂಬ ಮಾತು ಅಲ್ಲಿಗೆ ಮುಗಿಯಿತು. ಈ ಫ್ರೇಮಿನಿಂದ ಓಎಚ್‌ಪಿ ಶೀಟು ಎಳೆದು ತೆಗೆದು, ಕಾಲು ಅಂಟಿಸಿದ್ದರೆ ಅದನ್ನೂ ಕಿತ್ತರೆ, ಉಳಿದದ್ದು ಹಳೆ ಪೇಪರಿನ ಜೊತೆ ಹೋಗಬಲ್ಲ ರಟ್ಟು.

ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಬಚ್ಚಲಿನ ಗೋಡೆಯ ಇನ್ನೊಂದು ಮಗ್ಗುಲಲ್ಲಿ ಬೇಡ. ಮಳೆಗೆ ಥಂಡಿ ಹಿಡಿಯುವ ಹೊರಗೋಡೆಯಲ್ಲಾದರೆ ಹಿಂದಿನ ಕೆಳಮೂಲೆಗಳಿಗೆ 5 ಮಿ.ಮೀ. ತುಂಡು ಅಂಟಿಸಿ ಗಾಳಿಗೆ ಜಾಗ ಬಿಡಿ. ದೇವರ ಮನೆಗಂತೂ ಬೇಡವೇ ಬೇಡ. ದೀಪ, ಊದುಬತ್ತಿ, ಕರ್ಪೂರದ ಎದುರು ಕಾಗದ ಇಡುವುದು ಸರಿಯಲ್ಲ. ಒದ್ದೆ ಹೂವಿನ ಹಾರ, ಕುಂಕುಮದ ನೀರು ಮೂಲೆಗಳನ್ನು ಮೊದಲು ಮೆತ್ತಗೆ ಮಾಡುತ್ತವೆ. ಹಾರ ಹಾಕುವ ಹಿರಿಯರ ಫೋಟೋಗೂ ಮರದ ಕಟ್ಟೇ ಹಾಕಿಸಿ. ಇನ್ನು ನಿಮ್ಮಲ್ಲಿರುವ ಒಂದೇ ಒಂದು ಹಳೆಯ ಕಪ್ಪುಬಿಳುಪು ಫೋಟೋವನ್ನು ರಟ್ಟಿಗೆ ತಾಗಿಸಿ ಇಡಬೇಡಿ. ಮರುಬಳಕೆಯ ರಟ್ಟಿನಲ್ಲಿ ಆಮ್ಲ ಇರುತ್ತದೆ, ಫೋಟೋ ಹಳದಿಗಟ್ಟುತ್ತದೆ. ಸ್ಕ್ಯಾನ್ ಮಾಡಿಸಿ ಪ್ರಿಂಟನ್ನು ಹಾಕಿ, ಹಿಂದೊಂದು ಆ್ಯಸಿಡ್ ಫ್ರೀ ಬಿಳಿ ಹಾಳೆ ಇಡಿ.

ಎ4ಗೆ ಬೇಕೆಂದರೆ 3 ಮಿ.ಮೀ. ರಟ್ಟಿನಲ್ಲಿ: ಕಿಟಕಿ 200×287, ಅಂಚು 40, ಮುಖ 280×367, ಹೊರಗೋಡೆ 25, ಬೆನ್ನು 30, ಒಳಗೋಡೆ 21.5. ಹಾಳೆ 433×520. ಹಿಂಬದಿ ರಟ್ಟು 215×302, ನಾಲಿಗೆ ಬಿಟ್ಟು. ಕಚ್ಚಿನ ಆಳ 4. ಇದಕ್ಕಿಂತ ದೊಡ್ಡದನ್ನು ಒಂದೇ ಹಾಳೆಯಲ್ಲಿ ಮಾಡಲು ಹೊರಟರೆ ನಡುವಿನಿಂದ ಎಸೆಯುವ ರಟ್ಟೇ ಹೆಚ್ಚು, ನಾಲ್ಕು ಕೊಳವೆಗಳನ್ನು ಬೇರೆ ಬೇರೆ ಮಾಡಿ ಮೂಲೆಯಲ್ಲಿ ಕೂಡಿಸುವುದು ವಾಸಿ.

ಹತ್ತಿಪ್ಪತ್ತು ಫ್ರೇಮಿಗೆ ಕೈಕೆಲಸವೇ ಸರಿ. ಗಟ್ಟಿ ರಟ್ಟಿನಲ್ಲೊಂದು ಮಾದರಿ ಕತ್ತರಿಸಿಟ್ಟುಕೊಂಡು ಅದನ್ನೇ ಇಟ್ಟು ಗೀಚಿದರೆ ಅಳೆಯುವ ಹೊತ್ತು ಉಳಿಯುತ್ತದೆ. ನೂರಾರು ಬೇಕಾದರೆ ಕಾರ್ಟನ್ ಮಾಡುವವರ ಬಳಿ ಡೈ ಮಾಡಿಸಿ ಪಂಚಿಂಗಿಗೆ ಕೊಡಿ. ಪ್ಲೈವುಡ್ಡಿನಲ್ಲಿ ಕತ್ತರಿಸುವ ಬ್ಲೇಡು, ಮಡಿಕೆ ಒತ್ತುವ ಪಟ್ಟಿ ಎರಡೂ ಕೂರಿಸಿದ ಅಚ್ಚು ಅದು, ಒಂದೇ ಒತ್ತಿಗೆ ಇಡೀ ಹಾಳೆ ಬರುತ್ತದೆ. ಡೈ ಮಾಡಿಸುವ ಮೊದಲು ಅವರು ಕೊಡಲಿರುವ ರಟ್ಟನ್ನೇ ತಂದು ಕೈಯಲ್ಲಿ ಎರಡು ಫ್ರೇಮು ಮಾಡಿ ನೋಡಿ. ರಟ್ಟಿನ ದಪ್ಪ ಅರ್ಧ ಮಿ.ಮೀ. ಬದಲಾದರೂ ಒಳಗೋಡೆಯ ಲೆಕ್ಕ ತಪ್ಪುತ್ತದೆ, ಡೈ ಆದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ.