ಭಾವನಿಗೆ ಬೇಸರ ತಂದ ರಿಪೇರಿ

"ಇಷ್ಟೇನಾ?" ಅಂದರು ನಮ್ಮ ಭಾವ. ಅವರ ಗಾಡಿ ರಿಪೇರಿಯ ಬಿಲ್ಲು 800 ರೂಪಾಯಿ ಆಗಿತ್ತು. ಜಾಸ್ತಿ ಆಯಿತು ಅಂತ ಅಲ್ಲ, ಇಷ್ಟು ಕಡಿಮೆಗೆ ಹೇಗೆ ಮುಗಿಯಿತು ಅನ್ನುವ ಅನುಮಾನ. ಮೊನ್ನೆಯಿಂದ ಆ ಮುಖ ನೆನೆದಾಗಲೆಲ್ಲ ನಗು ಬರುತ್ತಿದೆ.

ಭಾವನ ತೋಟ ಹಾನುಬಾಳು ಕಡೆ. ಮಳೆಗಾಲದಲ್ಲಿ ಆ ರಸ್ತೆಗೆ ಫೋರ್ ವೀಲ್ ಡ್ರೈವ್ (ಇಂಜಿನ್ ನಾಲ್ಕೂ ಚಕ್ರ ತಿರುಗಿಸುವುದು) ಇಲ್ಲದೆ ಆಗುವುದಿಲ್ಲ, ನಿಜ. ಅವರ ದೊಡ್ಡ ಎಸ್‌ಯುವಿಯಲ್ಲಿ ಅದಕ್ಕೊಂದು ನಾಬ್ ಇದೆ. ಮಳೆ ಬಂತು ಅಂದರೆ ತಿರುಗಿಸುತ್ತಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಒಳ್ಳೆಯ ಮನುಷ್ಯ. ಗಾಡಿ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳುವವರಲ್ಲ.

ಈ ಸಲ ಮಳೆ ನಿಂತ ಮೇಲೆ ಗಾಡಿಯ ವರಸೆ ಬದಲಾಯಿತು. ಮುಂದಿನ ಟೈರುಗಳ ಅಂಚು ಬೇಗ ಸವೆಯತೊಡಗಿತು. ಯು ಟರ್ನ್ ಮಾಡುವಾಗ ಗಾಡಿ ತಡೆದು ತಡೆದು ಹೋಗುತ್ತಿತ್ತು. ಕ್ಲಚ್ ಬಿಟ್ಟರೆ ಅಡಿಯಿಂದ 'ಟಕ್' ಅನ್ನುವ ಶಬ್ದ. ಹಾಸನದ ಟೈರ್ ಅಂಗಡಿಯವರು ಹಿಂದಕ್ಕೆ ಎರಡು ಹೊಸ ಟೈರ್ ಹಾಕಿ ಕಳಿಸಿದರು. ಅಲೈನ್‌ಮೆಂಟ್‌ನವರು ಕಂಪ್ಯೂಟರ್ ಹಾಳೆ ಕೊಟ್ಟರು, ಚಕ್ರಗಳು ನೆಟ್ಟಗಿವೆ, ಎಲ್ಲ ಹಸಿರು. ಇನ್ನೊಂದು ಕಡೆ ಗೇರ್ ಬಾಕ್ಸ್ ಇಳಿಸಲೇಬೇಕು ಅಂದರು, 60 ಸಾವಿರದಿಂದ ಶುರು. ಭಾವ ಅದಕ್ಕೂ ತಯಾರಾಗಿದ್ದರು. ಅಕ್ಕನೇ ಹಟ ಹಿಡಿದು, ಸಕಲೇಶಪುರದಲ್ಲಿ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಒಂದ್ಸಲ ತೋರಿಸಿ ಅಂದಳು. ಜೊತೆಗೆ ನಾನು.

ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಮುಂದಿನ ಟೈರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಸವರಿದರು. ನನ್ನ ಕೈಯನ್ನೂ ಇಡಿಸಿದರು. ಹೊರಗಿನಿಂದ ಒಳಕ್ಕೆ ಸವರಿದರೆ ನುಣ್ಣಗೆ, ವಾಪಸ್ ಎಳೆದರೆ ಅಂಚು ಚುಚ್ಚುತ್ತದೆ. "ಗಾಳಿ ಕಮ್ಮಿ ಇದ್ರೆ ಎರಡೂ ಅಂಚು ಹೋಗತ್ತೆ, ಜಾಸ್ತಿ ಇದ್ರೆ ನಡೂಮಧ್ಯ ಹೋಗತ್ತೆ. ಇದು ಉಜ್ಜಿರೋದು ಸಾರ್, ಅಡ್ಡಡ್ಡ ಎಳ್ಕೊಂಡು ಹೋಗಿದೆ" ಅಂದರು. ಆಮೇಲೆ ತಲೆ ಎತ್ತಿ, "ಕಡೇ ಸಲ ಕೆಸರಿಗೆ ಇಳಿಸಿದ್ದು ಯಾವಾಗ?" ಅಂತ ಕೇಳಿದರು.

ಭಾವನಿಗೆ ರೇಗಿತು. ಟೈರ್ ಬಗ್ಗೆ ಕೇಳಿದರೆ ಕೆಸರಿನ ಮಾತು ಯಾಕೆ? ನಾಬ್ ಆಗಲೇ ಟೂ ವೀಲ್‌ಗೆ ತಿರುಗಿಸಿಟ್ಟಿದ್ದೇನೆ ಅಂದರು. "ಫೋರ್ ವೀಲ್ ಲೈಟು ಮಿಣುಕ್ತಾ ಇತ್ತಾ?" "ಅದು ಸೆನ್ಸರ್ ಪ್ರಾಬ್ಲಮ್ ಬಿಡಿ." ಮೇಸ್ತ್ರಿ ಏನೂ ಹೇಳಲಿಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, "ತಿರುಗಿಸಿ ಸಾರ್" ಅಂದರು. ಭಾವ ಎರಡೂ ಕೈ ಹಾಕಿ ತಳ್ಳಿದರು. ಚಕ್ರ ಜಪ್ಪಯ್ಯ ಅನ್ನಲಿಲ್ಲ.

ನಾಬ್ ಟೂ ವೀಲ್‌ಗೆ ಬಂದಿತ್ತು, ಗಾಡಿ ಬಂದಿರಲಿಲ್ಲ. ಅಡಿಯಲ್ಲಿ, ಇಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಪಕ್ಕದ, ವೈರುಗಳು ಸೇರುವ ಕಪ್ಲರ್‌ನಲ್ಲಿ ತೋಟದ ಕೆಸರು ಹೆಪ್ಪುಗಟ್ಟಿ ಪಿನ್ನುಗಳು ಹಸಿರು ತಿರುಗಿದ್ದವು. ನಾಬ್ ತಿರುಗಿಸಿದ್ದು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಇಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಶಿಯಲ್, ಅಂದರೆ ಎರಡಕ್ಕೂ ಬೇರೆ ಬೇರೆ ವೇಗ ಬಿಡುವ ಗೇರು, ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಆದರೆ ಫೋರ್ ವೀಲ್ ಹಾಕಿದಾಗ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿ ಹಾಕಿರುತ್ತದೆ. ಕೆಸರಲ್ಲಿ ಟೈರ್ ಜಾರಿ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರಲು ಜಾಗವಿಲ್ಲ. ಶಾಫ್ಟು ತಿರುಚಿಕೊಳ್ಳುತ್ತದೆ, ಟೈರು ಉಜ್ಜಿಕೊಂಡು ಹೋಗುತ್ತದೆ, ಆಗಾಗ ಟಕ್ ಅನ್ನುತ್ತದೆ.

ಅದರ ಮೇಲೆ ಆ ಹೊಸ ಟೈರುಗಳು. ಹಿಂದೆ 8 ಮಿಲಿಮೀಟರ್ ಬಟನ್ (ಟೈರಿನ ಮೇಲಿನ ಉಬ್ಬು), ಮುಂದೆ 3. ಮನೆಗೆ ಬಂದು ಲೆಕ್ಕ ಹಾಕಿದೆ. 17 ಇಂಚಿನ ಚಕ್ರದಲ್ಲಿ ಇಷ್ಟು ವ್ಯತ್ಯಾಸ ಅಂದರೆ, ಮುಂದಿನ ಚಕ್ರದ ಸುತ್ತಳತೆ ಕಮ್ಮಿಯಾಗಿ, ಕಾಗದದ ಮೇಲೆ ಕಿಲೋಮೀಟರಿಗೆ ಹತ್ತು ಮೀಟರಿಗೂ ಹೆಚ್ಚು ಹೊಂದಾಣಿಕೆ ತಪ್ಪುತ್ತದೆ. ಅಂದರೆ ತಿರುವೇ ಬೇಕಿಲ್ಲ, ನೆಟ್ಟಗೆ ಹಾಸನಕ್ಕೆ ಹೋಗುವ ಹೈವೇಯಲ್ಲೂ ಟೈರ್ ತೇಯುತ್ತಿತ್ತು!

ಕಪ್ಲರ್ ಬಿಚ್ಚಿ, ಸ್ಪ್ರೇ ಹೊಡೆದು, ಹಳೇ ಟೂತ್ ಬ್ರಶ್‌ನಲ್ಲಿ ಉಜ್ಜಿ ಮತ್ತೆ ಸಿಕ್ಕಿಸಿದರು. ನಾಬ್ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಒಳಗೆ ಕಟಕ್ ಅಂತು. ಮೇಲೆತ್ತಿದ್ದ ಚಕ್ರ ಒಂದೇ ಕೈಗೆ ಸಲೀಸಾಗಿ ತಿರುಗಿತು. ಆಗಲೇ ಆ "ಇಷ್ಟೇನಾ?"

ಮೊದಲು ನೋಡಿದವರೆಲ್ಲ ಮೋಸಗಾರರು ಅಂತ ನಾನು ಹೇಳಲಾರೆ. ಅಲೈನ್‌ಮೆಂಟ್ ನಿಜಕ್ಕೂ ಸರಿಯಾಗೇ ಇತ್ತು. ಒಬ್ಬರು ಟೈರ್ ನೋಡಿದರು, ಇನ್ನೊಬ್ಬರು ಗೇರ್ ಬಾಕ್ಸ್ ನೋಡಿದರು. ಗಾಡಿ ಎಲ್ಲಿ ಓಡುತ್ತದೆ ಅಂತ ಕೇಳಲಿಲ್ಲ. ಬಿಲ್ಲಿನಲ್ಲಿ ಟೈರಿಗೊಂದು ಸಾಲಿದೆ, ಲೇಬರ್‌ಗೊಂದು ಸಾಲಿದೆ. ವಿಚಾರಿಸಿದ್ದಕ್ಕೆ ಸಾಲಿಲ್ಲ. ಕೊಡುವವರಾದ ನಾವೂ ಅದಕ್ಕೆ ಬೆಲೆ ಕಟ್ಟುವುದಿಲ್ಲ. ನಮ್ಮೂರ ಕಡೆ ಇಂಜೆಕ್ಷನ್ ಕೊಡದೆ, ಬರೀ ಮಾತಾಡಿಸಿ ಕಳಿಸುವ ಡಾಕ್ಟರ ಹತ್ತಿರ ಎರಡನೇ ಸಲ ಯಾರೂ ಹೋಗುವುದಿಲ್ಲ, ಅಲ್ವಾ? ಹಾಗೆ. 60 ಸಾವಿರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದವರಿಗೆ ಟೂತ್ ಬ್ರಶ್ ಸಾಕಾಯಿತು ಅಂದರೆ ಒಂಥರಾ ಅವಮಾನ.

ಗಾಡಿ ಈಗ ಚೆನ್ನಾಗಿದೆ. ಮುಂದಕ್ಕೆ ಎರಡು ಟೈರ್ ಹಾಕಿಸಬೇಕು, ಹಿಂದಿನದ್ದೇ ಅಳತೆ, ಅದೇ ಕಂಪನಿಯದು. ಭಾವನಿಗೆ ಮಾತ್ರ ಸಮಾಧಾನವಿಲ್ಲ. ಸೋಮವಾರ ಗೇರ್ ಬಾಕ್ಸ್‌ನವರ ಹತ್ತಿರ ಮತ್ತೆ ಹೋಗುತ್ತಾರಂತೆ, "ಯಾವುದಕ್ಕೂ ಒಂದ್ಸಲ ಬಿಚ್ಚಿಸಿ ನೋಡ್ಬಿಡೋಣ" ಅಂತ. ಅಕ್ಕ ಗಾಡಿ ಕೀ ಎತ್ತಿಟ್ಟಿದ್ದಾಳೆ.