ಕಡೂರು ಸರಿ, ಬೀರೂರು ಚೂರುಚೂರು: ಸಂತೆ ಮ್ಯಾಪ್‌ನ ಮೂರನೇ ವಾರ

ಮೊದಲು ಒಳ್ಳೆ ಸುದ್ದಿ. ನಿನ್ನೆ ರಾತ್ರಿ ಒಂದೂವರೆಗೆ ನನ್ನ ಆ್ಯಪ್‌ನಲ್ಲಿ 'ಚಿಕ್ಕಮಗಳೂರು' ಅಂತ ನೆಟ್ಟಗೆ ಓದಲು ಬಂತು. ಇಷ್ಟಕ್ಕೆ ಹನ್ನೊಂದು ದಿನ ಹಿಡಿಯಿತು.

ಹಿಂದಿನ ಕಂತು ಓದದವರಿಗೆ: ಇದು ವಾರದ ಸಂತೆಗಳ ಆ್ಯಪ್. ವಾರದ ಒಂದು ದಿನ ಆರಿಸಿದರೆ ಅವತ್ತು ಸಂತೆ ಇರುವ ಊರುಗಳು ಮ್ಯಾಪ್‌ನಲ್ಲಿ ಕಾಣಬೇಕು. ಆ್ಯಪ್ ಕಟ್ಟಲು ಫ್ಲಟರ್, ಮ್ಯಾಪ್ ಬಿಡಿಸುವ ಎಂಜಿನ್ ಮ್ಯಾಪ್‌ಲಿಬ್ರೆ, ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾ. ಪ್ಲಗಿನ್ ಸೇರಿಸುವುದು, ಲೊಕೇಶನ್ ಪರ್ಮಿಷನ್ ಕೇಳುವುದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಜಾಗಗಳನ್ನು ಬರೆದಿಡುವ ಜಿಯೋಜೇಸನ್ ಫೈಲಿಗೆ ಅಕ್ಷಾಂಶಕ್ಕಿಂತ ರೇಖಾಂಶ ಮೊದಲು ಬೇಕು ಅನ್ನುವುದನ್ನು ಮರೆತು, ಒಂದು ಸಂಜೆ ನಮ್ಮ ಸಂತೆಗಳೆಲ್ಲ ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರದಲ್ಲಿ ನಡೆದವು. ಅದೂ ಎಲ್ಲರಿಗೂ ಆಗುವುದೇ.

ನಿಜವಾದ ಕಾಟ ಹೆಸರುಗಳದ್ದು. ಮೊದಲ ದಿನ ಕಡೂರಿನ ಮೇಲೆ ಮ್ಯಾಪ್ ತೆರೆದೆ. 'ಕಡೂರು' ಚೆಂದವಾಗಿ ಬಂತು. ಖುಷಿಯಲ್ಲಿ ಕಾಫಿ ಮಾಡಿಕೊಂಡು ಕುಡಿದೆ. ಆಮೇಲೆ ಬೆರಳಲ್ಲಿ ಸ್ವಲ್ಪ ಆಚೆ ಸರಿಸಿದರೆ ಬೀರೂರು. ಅಲ್ಲಿ ರೂಪ ಬದಲಿಸದ ಒಂದು ಬ, ಅದರ ಪಕ್ಕ ದಿಕ್ಕಿಲ್ಲದೆ ತೇಲುವ ಗುಡಿಸು. ಚಿಕ್ಕಮಗಳೂರಂತೂ ನೋಡಲಾಗದು. ಒತ್ತು ಕೆಳಗೆ ಇಳಿದೇ ಇಲ್ಲ. ಎರಡು ಕ ಅಕ್ಕಪಕ್ಕ ನಿಂತಿವೆ, ನಡುವೆ ಅರ್ಧಾಕ್ಷರದ ಗುರುತು ಒಂಟಿಯಾಗಿ ನೇತಾಡುತ್ತಿದೆ.

ಕಡೂರು ಯಾಕೆ ಸರಿ ಬಂತು ಅಂತ ತಲೆ ಕೆರೆದುಕೊಂಡು, ಕೊನೆಗೆ ಒಂದನೇ ಕ್ಲಾಸಿನ ಕಾಗುಣಿತಕ್ಕೆ ಹೋಗಬೇಕಾಯಿತು. ಆ ಹೆಸರಿನಲ್ಲಿ ಇರುವುದು ಬರೀ ಕೊಂಬು ಮತ್ತು ಕೊಂಬಿನ ದೀರ್ಘ. ಅವು ಅಕ್ಷರದ ಬಲಕ್ಕೆ ಸುಮ್ನೆ ಕೂತರೆ ಸಾಕು, ಅಕ್ಷರದ ಆಕಾರ ಬದಲಾಗಬೇಕಿಲ್ಲ. ಗುಡಿಸು, ಏತ್ವ ಬಂದರೆ, ತಲೆಕಟ್ಟು ಇದ್ದರೆ ಅದೂ ಹೋಗಿ, ಅಕ್ಷರ ಬೇರೆ ರೂಪ ತಾಳಬೇಕು. ಮ್ಯಾಪ್ ಎಂಜಿನ್‌ಗೆ ಅದು ಗೊತ್ತೇ ಇಲ್ಲ. ಅಂದರೆ ನಾನು ಪರೀಕ್ಷೆಗೆ ಆರಿಸಿಕೊಂಡದ್ದು, ಕೆಡಲು ಸಾಧ್ಯವೇ ಇಲ್ಲದ ಊರನ್ನು!

ಫಾಂಟ್ ತಪ್ಪಿರಬೇಕು ಅಂದುಕೊಂಡೆ. ನೋಟೊ ಸಾನ್ಸ್ ಹಾಕಿದೆ, ಲೋಹಿತ್ ಹಾಕಿದೆ, ಬಾಲೂ ತಮ್ಮ ಹಾಕಿದೆ, ಟಿರೊ ಹಾಕಿದೆ. ನಾಲ್ಕೂ ಒಂದೇ ಥರ ಕೆಟ್ಟವು, ಬಾಲೂ ತಮ್ಮ ಮಾತ್ರ ಸ್ವಲ್ಪ ಮುದ್ದಾಗಿ ಕೆಟ್ಟಿತು. ಟೈಲ್ (ಮ್ಯಾಪ್‌ನ ಚೌಕ ತುಂಡುಗಳು) ಕೊಡುವವರಿಗೆ ಮೇಲ್ ಬರೆದೆ. ಆರು ದಿನದ ಮೇಲೆ ಬಂದ ಉತ್ತರ: ಬೇರೆ ಫಾಂಟ್ ಹಾಕಿ ನೋಡಿ. ಅಷ್ಟರಲ್ಲಿ ಅವರ ಉಚಿತ ಕೋಟಾ ಕೂಡ ಮುಗಿದಿತ್ತು. ಬಳಸಿದವನು ನಾನೊಬ್ಬನೇ, ಆ್ಯಪನ್ನು ಸಾವಿರ ಸಲ ರೀಸ್ಟಾರ್ಟ್ ಮಾಡಿ ಮಾಡಿ. ಸಿಟ್ಟಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾ ಹಂಚುವ ಜಿಯೋಫ್ಯಾಬ್ರಿಕ್‌ ಸೈಟಿನಿಂದ ದಕ್ಷಿಣ ವಲಯದ ಡೇಟಾ ಇಳಿಸಿಕೊಂಡು, ನಮ್ಮ ಜಿಲ್ಲೆಯಷ್ಟನ್ನೇ ಕತ್ತರಿಸಿ, ನಾನೇ ಟೈಲ್ ಮಾಡಿಕೊಂಡೆ. ಗೂಗಲ್ ಮ್ಯಾಪ್ ಹಾಕಬಹುದಿತ್ತಲ್ಲ ಅನ್ನಬೇಡಿ. ಸಿಗ್ನಲ್ ಇಲ್ಲದ ಊರಿನ ಸಂತೆಗೇ ಈ ಆ್ಯಪ್ ಜಾಸ್ತಿ ಬೇಕು, ಅಲ್ವಾ?

ರೋಗ ಇರುವುದು ಬೇರೆ ಕಡೆ. ಈ ಎಂಜಿನ್ ಅಕ್ಷರಗಳನ್ನು ಯುನಿಕೋಡ್ ಸಂಖ್ಯೆಯ ಪ್ರಕಾರ 256ರ ಕಂತೆಗಳಲ್ಲಿ ತರಿಸಿಕೊಳ್ಳುತ್ತದೆ. ನಮ್ಮದು 3072-3327ರ ಕಂತೆ. ತೆಲುಗು, ಕನ್ನಡ ಎರಡೂ ಅದರಲ್ಲೇ, ಒಂದೇ ವಠಾರದ ಎರಡು ಮನೆಯ ಹಾಗೆ. ಆದರೆ ಒತ್ತಕ್ಷರಕ್ಕೆ ಯುನಿಕೋಡ್‌ನಲ್ಲಿ ಸ್ವಂತ ಸಂಖ್ಯೆ ಇಲ್ಲ. ಅದು ಫಾಂಟ್‌ನ ಹೊಟ್ಟೆಯೊಳಗೆ ಇರುತ್ತದೆ, ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಂಥ ಸಾಫ್ಟ್‌ವೇರ್ ಕರೆದರೆ ಮಾತ್ರ ಹೊರಗೆ ಬರುತ್ತದೆ. ಸಂಖ್ಯೆ ಇಲ್ಲದವರಿಗೆ ಕಂತೆಯಲ್ಲಿ ಜಾಗವಿಲ್ಲ. ಅರೇಬಿಕ್‌ಗೆ ವೆಬ್‌ನಲ್ಲಿ ಒಂದು ಪ್ಲಗಿನ್ ಇದೆ. ಚೀನೀ ಅಕ್ಷರಕ್ಕೆ ಫೋನಿನ ಫಾಂಟನ್ನೇ ಬಳಸುವ ದಾರಿ ಇದೆ. ನಾನು ಹಾಕಿಕೊಂಡಿರುವ ವರ್ಷನ್‌ನಲ್ಲಿ ನಮಗೆ ಮಾತ್ರ ಏನೂ ಸಿಗಲಿಲ್ಲ.

ಹತ್ತನೇ ದಿನ ಹೊಳೆಯಿತು. ಫ್ಲಟರ್‌ನ ಬಟನ್ ಮೇಲೆ ಕನ್ನಡ ಸರಿಯಾಗಿಯೇ ಬರುತ್ತಿದೆಯಲ್ಲ! ಹಾಗಾದರೆ ಹೆಸರನ್ನು ಅಕ್ಷರವಾಗಿ ಕೊಡುವುದೇ ಬೇಡ, ಚಿತ್ರವಾಗಿ ಕೊಡೋಣ. ಫ್ಲಟರ್‌ನದೇ ಟೆಕ್ಸ್ಟ್‌ಪೇಂಟರ್‌ನಲ್ಲಿ ಹೆಸರು ಬರೆಯುವುದು, ಪಿಎನ್‌ಜಿ ಚಿತ್ರ ಮಾಡುವುದು, ಮ್ಯಾಪ್ ಸ್ಟೈಲ್‌ಗೆ ಐಕಾನ್ ಅಂತ ಸೇರಿಸುವುದು. ಮೂಲ ಮ್ಯಾಪ್‌ನ ಊರ ಹೆಸರಿನ ಲೇಯರ್ ಆಫ್. ಐಕಾನ್ ಆದ್ದರಿಂದ ಒಂದರ ಮೇಲೊಂದು ಬೀಳದ ಹಾಗೆ ಎಂಜಿನ್ನೇ ನೋಡಿಕೊಳ್ಳುತ್ತದೆ.

ಮೊದಲ ಸಲ ಮಸುಕಾಗಿ ಬಂತು. ಅಳತೆಯನ್ನು ಫೋನಿನ ಪಿಕ್ಸೆಲ್ ರೇಶಿಯೋದಿಂದ (ಪರದೆಯ ಚುಕ್ಕಿಗಳು ಎಷ್ಟು ಪಟ್ಟು ಒತ್ತಾಗಿವೆ ಅನ್ನುವ ಸಂಖ್ಯೆ) ಗುಣಿಸಿ ಬರೆದ ಮೇಲೆ ಚೂಪಾಯಿತು. ಸುತ್ತ ಬಿಳಿ ಅಂಚು ಕೊಟ್ಟೆ. ಆಗ 'ಕೊಪ್ಪ'ದ ಒತ್ತಿನ ಕಾಲು ಕತ್ತರಿಸಿ ಹೋಯಿತು. ಅಂಚಿನ ದಪ್ಪವನ್ನು ಚಿತ್ರದ ಅಳತೆಗೆ ಸೇರಿಸಿಯೇ ಇರಲಿಲ್ಲ. ನಾಲ್ಕೂ ಕಡೆ 4 ಪಿಕ್ಸೆಲ್ ಬಿಟ್ಟೆ, ಕಾಲು ವಾಪಸ್ ಬಂತು. ತಮ್ಮನ ಐಫೋನಿನಲ್ಲಿ ಮಾತ್ರ ಹೆಸರುಗಳು ಇರುವೆ ಸಾಲಿನಂತೆ ಕಂಡವು. ಅಲ್ಲಿಗೆ ಬೇರೆ ಅಳತೆ ಅಂತ ಕೋಡ್‌ನಲ್ಲಿ ಒಂದು 'ಇಫ್' ಷರತ್ತು ಹಾಕಿದ್ದೇನೆ. ಅಸಹ್ಯವಾಗಿದೆ, ಗೊತ್ತು. ಬೈಯಬೇಡಿ. ಒಂದು ಹೆಸರಿಗೆ ಸುಮಾರು 300×80 ಪಿಕ್ಸೆಲ್, ಅಂದರೆ ಮೆಮೊರಿಯಲ್ಲಿ 96 ಸಾವಿರ ಬೈಟ್. ನನ್ನ 140 ಊರಿಗೆ 13 ಎಂಬಿ ಚಿಲ್ಲರೆ. ಇಷ್ಟು ನಡೆಯುತ್ತದೆ, ಇಡೀ ರಾಜ್ಯದ ಹಳ್ಳಿಗಳನ್ನು ಹಾಕಿದರೆ ಫೋನ್ ಮಲಗುತ್ತದೆ.

ಈ ಉಪಾಯ ಮುಂದಿನ ಪ್ರಾಜೆಕ್ಟ್‌ಗೂ ಬೇಕು. ಅಡುಗೆಮನೆ ಗೋಡೆಗೆ 2.9 ಇಂಚಿನ ಇ-ಇಂಕ್ ಪರದೆ, ಹಿಂದೆ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್, ಮೇಲೆ 'ನಾಳೆ ಸಂತೆ ಎಲ್ಲಿ'. ಅಲ್ಲೂ ಒತ್ತಕ್ಷರದ್ದೇ ಗೋಳು. ಫೋನಿನಲ್ಲೇ 296×128ರ ಚಿತ್ರ ಮಾಡಿ ಕಳಿಸಿಬಿಡುವ ಯೋಚನೆ. ಪರದೆ ಬಂದಿದೆ, ಗಾಜಿಗೆ ಅಡ್ಡಡ್ಡ ಬಿರುಕು. ಪ್ಯಾಕ್ ಬಿಚ್ಚುವ ವಿಡಿಯೋ ಇಲ್ಲದೆ ವಾಪಸ್ ತಗೊಳ್ಳಲ್ಲ ಅಂತಾರೆ ಅಂಗಡಿಯವರು. ಸೋಪು ಬಿಚ್ಚುವಾಗಲೂ ವಿಡಿಯೋ ಮಾಡಬೇಕೇನೋ ಇನ್ನು.

ಬೆಳಿಗ್ಗೆ ಅಪ್ಪನಿಗೆ ಮ್ಯಾಪ್ ತೋರಿಸಿದೆ. ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ, ಒಂದೊಂದೇ ಊರು ಓದಿದರು. ಒತ್ತಕ್ಷರದ ಬಗ್ಗೆ ಒಂದು ಮಾತಿಲ್ಲ.

"ಈ ಊರಿನ ಸಂತೆ ನಿಂತು ಎಷ್ಟು ವರ್ಷ ಆಯ್ತು ಗೊತ್ತೇನೋ?" ಅಂದರು.

140 ಊರಿನ ಪಟ್ಟಿಯನ್ನು ಪ್ರಿಂಟ್ ಮಾಡಿ ಅವರ ಕೈಗೇ ಕೊಟ್ಟಿದ್ದೇನೆ. ಕೆಂಪು ಪೆನ್ನು ಕೇಳಿದ್ದಾರೆ.